ಬೋರ್ಡಿಗೆ ಅರವತ್ತು, ಮೊಬೈಲಿಗೆ ಎಷ್ಟು?



2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಿಳಿದು ಇಂಗ್ಲಿಷ್ ಬೋರ್ಡುಗಳ ವಿರುದ್ಧ ಕೂಗಿದವರಲ್ಲಿ ನೀವೂ ಇದ್ದಿರಬಹುದು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಎಂದಾಯಿತು. ಒಳ್ಳೆಯದೇ ಆಯಿತು ಬಿಡಿ. ಪ್ರೆಸ್ಸಿನವನಾದ ನನಗೂ ನಾಲ್ಕು ಕಾಸಿನ ಕೆಲಸ ಸಿಕ್ಕಿತು. (ಫ್ಲೆಕ್ಸ್‌ನವರಿಗೆ ನಲವತ್ತು ಕಾಸು ಸಿಕ್ಕಿತು, ಅದು ಬೇರೆ ಮಾತು!)

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಎಷ್ಟು ಜನ ಬೋರ್ಡು ನೋಡಿ ಅಂಗಡಿ ಹುಡುಕುತ್ತೀರಿ? ತಲೆ ಬಗ್ಗಿಸಿ ಮೊಬೈಲ್ ನೋಡಿಕೊಂಡು ಬರುತ್ತೀರಿ. ಅದು ನಿಲ್ಲು ಎಂದಲ್ಲಿ ನಿಲ್ಲುತ್ತೀರಿ. ಅಂದರೆ ಇವತ್ತಿನ ಬೋರ್ಡು ನಿಮ್ಮ ಅಂಗೈಯಲ್ಲೇ ಇದೆ. ಆ ಬೋರ್ಡಿನಲ್ಲಿ ಕನ್ನಡ ಶೇಕಡಾ ಎಷ್ಟು ಸ್ವಾಮಿ?

ಒಂದು ಪರೀಕ್ಷೆ ಮಾಡಿ. "ಹಿಟ್ಟಿನ ಗಿರಣಿ" ಎಂದು ಕನ್ನಡದಲ್ಲಿ ಹುಡುಕಿ. ಆಮೇಲೆ "ಫ್ಲೋರ್ ಮಿಲ್" ಎಂದು ಇಂಗ್ಲಿಷಿನಲ್ಲಿ ಹುಡುಕಿ. ಎರಡೂ ಪಟ್ಟಿಗಳನ್ನು ಹೋಲಿಸಿ. ಪಾತ್ರೆಗೆ ಕಲಾಯಿ ಹಾಕುವವರು, ಕುಕ್ಕರಿಗೆ ಹಿಡಿ ಹಾಕುವವರು, ಛತ್ರಿ ರಿಪೇರಿಯವರು ಇದ್ದಾರೆಯೇ ನೋಡಿ. ನಿಮ್ಮ ಬೀದಿ ಕೊನೆಯಲ್ಲೇ ಕೂತಿರುವ ಮನುಷ್ಯ ನಿಮ್ಮ ಮೊಬೈಲಿನಲ್ಲಿ ಇದ್ದಾನೆಯೇ?

ಸಣ್ಣ ಅಂಗಡಿಗಳನ್ನು ಜನರಿಗೆ ತೋರಿಸುವ ಆಪ್ ಮಾಡುತ್ತೇವೆ ಎಂದು ನಿಮ್ಮಲ್ಲೇ ಕೆಲವು ಇಂಜಿನಿಯರುಗಳು ಹೊರಟಿದ್ದೀರಿ. ಮಾಡಿ, ಖಂಡಿತ ಮಾಡಿ. ಆದರೆ ಹಳದಿ-ಕೆಂಪು ಬಣ್ಣ ಬಳಿದು, ಹೆಸರಿನ ಮುಂದೆ "ನಮ್ಮ" ಎಂದು ಅಂಟಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದರೆ ದಯವಿಟ್ಟು ಬೇಡ.

ಇದು 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು. ಹಳೆಯ ಪೇಟೆಗಳ ಹೆಸರು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ: ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ. ಹಳ್ಳಿಯಿಂದ ಬಂದ ಅಕ್ಷರ ಬಾರದ ರೈತನೂ ದಾರಿಯಲ್ಲಿ ಒಬ್ಬರನ್ನು ಕೇಳಿದರೆ ಸಾಕಿತ್ತು, ಬೇಕಾದ ಕಡೆ ಹೋಗಿ ನಿಲ್ಲುತ್ತಿದ್ದ. ಮಾಲಿನ ಹೆಸರೇ ವಿಳಾಸ. ನಿಮ್ಮ ಆಪ್ ಕೂಡ ಜನ ಕರೆಯುವ ಹೆಸರಿಗೆ ಓಗೊಡಬೇಕು. ಹುಬ್ಬಳ್ಳಿಯವರು ಕಿರಾಣಿ ಅಂಗಡಿ ಎಂದರೂ, ಮೈಸೂರಿನವರು ದಿನಸಿ ಅಂಗಡಿ ಎಂದರೂ, ಇನ್ನೊಬ್ಬರು ಪ್ರಾವಿಜನ್ ಸ್ಟೋರ್ ಎಂದರೂ ಬಾಗಿಲು ಒಂದೇ ತೆರೆಯಬೇಕು. ಪಿನ್‌ಕೋಡು, ಕ್ರಾಸು, ಮೇನು ಎಲ್ಲ ಇರಲಿ. ಜೊತೆಗೆ "ಮಾರಮ್ಮನ ಗುಡಿ ಹಿಂದೆ, ಹಾಲಿನ ಬೂತ್ ಎದುರು" ಎಂದು ಬರೆಯಲೂ ಜಾಗ ಕೊಡಿ. ತಳ್ಳುಗಾಡಿಯವನಿಗೆ ಡೋರ್ ನಂಬರ್ ಎಲ್ಲಿಂದ ಬರಬೇಕು?

ಇಲ್ಲಿ ನನ್ನ ಕಸುಬಿನ ವಿಷಯ ಒಂದು ಹೇಳಬೇಕು. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಪ್ರೆಸ್ಸುಗಳಲ್ಲಿ ಡಿಟಿಪಿಗೆ ವರ್ಷಗಟ್ಟಲೆ ಬಳಸಿಕೊಂಡು ಬಂದ ಕನ್ನಡ ಫಾಂಟುಗಳಲ್ಲಿ ಬಹುಪಾಲು ಹಳೆಯ ಬಗೆಯವು. ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಖಾನೆಯಲ್ಲಿ ತಂದು ಕೂರಿಸಿದ ಫಾಂಟುಗಳು. ಕಾಗದದ ಮೇಲೆ ಮುತ್ತು ಪೋಣಿಸಿದ ಹಾಗೆ ಕಾಣುತ್ತವೆ. ಅದೇ ಸಾಲನ್ನು ಎತ್ತಿ ಮೊಬೈಲಿಗೆ ಹಾಕಿ ನೋಡಿ, ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಗೋಜಲು! ಮೊಬೈಲಿಗೆ ಅರ್ಥವಾಗುವುದು ಯೂನಿಕೋಡ್ ಕನ್ನಡ ಮಾತ್ರ. ಹಾಗಾಗಿ ಬೋರ್ಡು, ಬಿಲ್ ಬುಕ್ಕು, ಕರಪತ್ರ ಎಲ್ಲವೂ ಕನ್ನಡದಲ್ಲೇ ಇರುವ ಅಂಗಡಿಯವನು ಮೊಬೈಲಿನಲ್ಲಿ ಮೂಗನಾಗುತ್ತಾನೆ. ಯಾರೋ ಅವನ ಹೆಸರನ್ನು ಇಂಗ್ಲಿಷಿನಲ್ಲಿ ಕುಟ್ಟುತ್ತಾರೆ. ಅದನ್ನು ಯಂತ್ರ ಮತ್ತೆ ಕನ್ನಡಕ್ಕೆ ತಿರುವುತ್ತದೆ. ಇಂಗ್ಲಿಷಿಗೆ ಲ-ಳ, ನ-ಣ ಭೇದ ಗೊತ್ತಿಲ್ಲವಲ್ಲ, ಬಳೆ ಮಾರುವವನು ಬಲೆ ಮಾರುವವನಾಗುತ್ತಾನೆ!

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ಹಾಗಾದರೆ ಕೇಳಿ: ಈ ಊರಿನ ಸಣ್ಣ ವ್ಯಾಪಾರಿಗಳ ಪಟ್ಟಿ ಈಗಾಗಲೇ ತಯಾರಿದೆ. ಅದು ಇರುವುದು ಪ್ರೆಸ್ಸುಗಳ ಕಂಪ್ಯೂಟರಿನಲ್ಲಿ. ಗಾರೆ ಮೇಸ್ತ್ರಿಯ ವಿಸಿಟಿಂಗ್ ಕಾರ್ಡು, ಶಾಮಿಯಾನದವನ ಬಿಲ್ ಬುಕ್ಕು, ವಾಲಗದವರ ಕಾರ್ಡು, ಹಪ್ಪಳ ಮಾಡುವ ಹೆಣ್ಣುಮಕ್ಕಳ ಲೇಬಲ್ಲು, ಎಲ್ಲವೂ ಹೆಸರು, ಫೋನ್ ನಂಬರು, ವಿಳಾಸದ ಸಮೇತ. ಅಷ್ಟೂ ಅವರೇ ಹೇಳಿ ಬರೆಸಿದ ಕನ್ನಡ, ಪ್ರೂಫ್ ನೋಡಿ ಸಹಿ ಹಾಕಿದ ಕನ್ನಡ. ಅದನ್ನು ಅವರನ್ನು ಕೇಳದೆ ನಾವು ಕೊಡುವ ಹಾಗಿಲ್ಲ, ನೀವು ತೆಗೆದುಕೊಳ್ಳುವ ಹಾಗೂ ಇಲ್ಲ. ಆದರೆ ಗಿರಾಕಿ ಮುಂದಿನ ಸಲ ಬಿಲ್ ಬುಕ್ಕಿಗೆ ಬಂದಾಗ "ಮೊಬೈಲಿಗೂ ಹಾಕೋಣವೇ ಯಜಮಾನರೇ?" ಎಂದು ಕೇಳುವುದು ಎರಡು ನಿಮಿಷದ ಕೆಲಸ.

ಕೇಳಿದರೆ ಅವರು ಒಪ್ಪುತ್ತಾರಾ? ಸುಲಭವಾಗಿ ಒಪ್ಪುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಏನಾಯಿತು, ನೆನಪಿದೆಯಲ್ಲ? ಬೇಕರಿ, ಕಾಂಡಿಮೆಂಟ್ಸಿನವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದು ಹಾಕಿದರು. ಸರಿಯೋ ತಪ್ಪೋ, ಆ ಭಯ ಇನ್ನೂ ಹೋಗಿಲ್ಲ. ನಿಮ್ಮ ಆಪ್ ಮೊದಲ ಪುಟದಲ್ಲೇ ಆಧಾರ್ ಕೊಡಿ, ಜಿಎಸ್‌ಟಿ ನಂಬರ್ ಕೊಡಿ, ವಹಿವಾಟು ಎಷ್ಟು ಎಂದರೆ ಅವರು ಫೋನು ವಾಪಸ್ ನಿಮ್ಮ ಕೈಗೇ ಕೊಡುತ್ತಾರೆ. ಹೆಸರು, ಕೆಲಸ, ಜಾಗ, ಬಾಗಿಲು ತೆರೆಯುವ ಹೊತ್ತು. ಸಾಕು. ಅದನ್ನೂ ಟೈಪ್ ಮಾಡಿಸಬೇಡಿ, ಮಾತಿನಲ್ಲಿ ಹೇಳಲು ಬಿಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಭಾಷಿಣಿಯಲ್ಲಿ ಕನ್ನಡದ ಮಾತನ್ನು ಅಕ್ಷರ ಮಾಡುವ ಸೌಲಭ್ಯವಿದೆ. ನಮ್ಮದೇ ತೆರಿಗೆ ದುಡ್ಡು, ಉಪಯೋಗಿಸಿಕೊಳ್ಳಿ.

ಇನ್ನು ದುಡ್ಡಿನ ಮಾತು. ಅಂಗಡಿಗಳ ಪಟ್ಟಿ ಮಾಡುವ ಒಂದು ಕಂಪನಿಯಿಂದ ನನಗೂ ಫೋನ್ ಬಂದಿತ್ತು. ಹಿಂದಿಯಲ್ಲಿ! ಕನ್ನಡದಲ್ಲಿ ಹೇಳಮ್ಮಾ ಎಂದ ಮೇಲೆ ಇನ್ನೊಬ್ಬರಿಗೆ ಕೊಟ್ಟರು. ವಿಷಯ ಇಷ್ಟೇ: ದುಡ್ಡು ಕಟ್ಟಿದರೆ ಪಟ್ಟಿಯಲ್ಲಿ ಮೇಲೆ, ಕಟ್ಟದಿದ್ದರೆ ಕೆಳಗೆ. ಮೂವತ್ತು ವರ್ಷದಿಂದ ಅದೇ ಬೀದಿಯಲ್ಲಿ ಹೊಲಿಯುತ್ತಿರುವ ಟೈಲರ್ ಐದನೇ ಪುಟಕ್ಕೆ ಹೋಗುತ್ತಾನೆ, ಮೊನ್ನೆ ಬಂದ ದೊಡ್ಡ ಮಳಿಗೆ ತಲೆಯ ಮೇಲೆ ಕೂರುತ್ತದೆ. ಇದನ್ನೇ ನೀವೂ ಕನ್ನಡದಲ್ಲಿ ಮಾಡುವುದಾದರೆ ನಿಮ್ಮ ಆಪ್ ನಮಗೆ ಯಾಕೆ ಬೇಕು? ಹತ್ತಿರ ಇರುವವನು ಮೊದಲು, ಅಷ್ಟೇ ಕಾನೂನು.

ಹೊಟ್ಟೆಗೆ ಏನು ಮಾಡುವುದು ಎನ್ನುತ್ತೀರಾ? ಅದಕ್ಕೂ ಉದಾಹರಣೆ ನಮ್ಮೂರಲ್ಲೇ ಇದೆ. 2022ರ ನವೆಂಬರಿನಲ್ಲಿ ಆಟೋ ಚಾಲಕರ ಸಂಘದ ಜೊತೆಗೂಡಿ ಬಂದ ನಮ್ಮ ಯಾತ್ರಿ ಪ್ರತಿ ಬಾಡಿಗೆಯಲ್ಲೂ ಕಮಿಷನ್ ಹಿಡಿಯಲಿಲ್ಲ. ಆಮೇಲೆ 2023ರಲ್ಲಿ ದಿನಕ್ಕೆ 25 ರೂಪಾಯಿ ಚಂದಾ ಎಂದು ಗೊತ್ತು ಮಾಡಿದರು. ಅದರ ಕೋಡು ಯಾರು ಬೇಕಾದರೂ ನೋಡುವಂತೆ ತೆರೆದೇ ಇದೆ. ಭೂಪಟಕ್ಕೂ ಯಾರ ಕಾಲು ಹಿಡಿಯಬೇಕಿಲ್ಲ. 2004ರಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಯಾರಾದರೂ ಅಂಗಡಿ ಗುರುತಿಸಬಹುದು, ಕನ್ನಡದ ಹೆಸರಿಗೆ ಅದರಲ್ಲಿ ಬೇರೆಯೇ ಖಾನೆ ಇದೆ. ಖಾನೆ ಖಾಲಿ ಬಿಟ್ಟರೆ ಅದು ನಮ್ಮ ಸೋಮಾರಿತನ.

ಇಡೀ ಕರ್ನಾಟಕ ಒಂದೇ ಸಲ ಬೇಡ. ಒಂದು ಪೇಟೆ ಹಿಡಿಯಿರಿ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಬನ್ನಿ, ಯೂನಿಕೋಡ್ ತಿಳಿದವರು ಒಬ್ಬರಾದರೂ ಇರಲಿ. ಸುಲ್ತಾನ್‌ಪೇಟೆ ಕಡೆ ಯಾವ ಪ್ರೆಸ್ಸಿನಲ್ಲಿ ಕೇಳಿದರೂ ನಮ್ಮವರು ಸಿಗುತ್ತಾರೆ. ಮದುವೆ ಸೀಸನ್ನಿನಲ್ಲಿ ಮಾತ್ರ ಬರಬೇಡಿ, ಲಗ್ನಪತ್ರಿಕೆಯ ರಾಶಿಯಲ್ಲಿ ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಬನ್ನಿ. ಮಷಿನ್ನು ಸುಮ್ಮನೆ ನಿಂತಿರುತ್ತದೆ, ಕೂತು ಕೆಲಸ ಮಾಡೋಣ.