ಹೆಬ್ಬೆರಳಿಗೂ ಕೆಲಸ ಕೊಡಿ: ಟೈಪ್ ಮಾಡಿ ಬದುಕುವವರ ಕೀಬೋರ್ಡ್ ಬಗ್ಗೆ



ಇವತ್ತು ಒಂದು ಕೀಬೋರ್ಡ್ ಬಗ್ಗೆ ಬರೀತಿದ್ದೀನಿ. ಅಂಗಡಿಯಲ್ಲಿ ಸಿಗೋ ಕೀಬೋರ್ಡ್ ಅಲ್ಲ, ನಾನು ಕಲ್ಪಿಸಿಕೊಳ್ತಿರೋದು. ದೊಡ್ಡ ಕಂಪನಿಗಳಲ್ಲಿ ಯಾವುದಾದರೂ ಒಂದು, ಕೈಗೆ ನೋವಾಗದ ಹಾಗೆ ವಿನ್ಯಾಸ ಮಾಡಿದ ಮೆಕ್ಯಾನಿಕಲ್ ಕೀಬೋರ್ಡನ್ನ ಸಾಮಾನ್ಯರ ಬೆಲೆಗೆ ಮಾಡಿ ಮಾರಬೇಕು. ಸರ್ಕಾರ ಅದನ್ನ ಕೊಂಡು ತನ್ನ ಆಪರೇಟರುಗಳ ಮೇಜಿನ ಮೇಲೆ ಇಡಬೇಕು. ಇಷ್ಟೇ ನನ್ನ ಮಾತು. "ಇದೇನು ಗ್ಯಾಜೆಟ್ ಹುಚ್ಚು, ಚಳವಳಿಗೂ ಇದಕ್ಕೂ ಏನ್ ಸಂಬಂಧ?" ಅನ್ನೋರು ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಮೊದಲ ಪ್ರಶ್ನೆ: ಈ ನಾಡಲ್ಲಿ ದಿನವಿಡೀ ಟೈಪ್ ಮಾಡೋರು ಯಾರು?

ಸಾಫ್ಟ್‌ವೇರ್ ಎಂಜಿನಿಯರ್ ಅಂತ ಥಟ್ ಅಂತ ಹೇಳಬೇಡಿ. ಗ್ರಾಮ ಪಂಚಾಯ್ತಿಯ ಡಾಟಾ ಎಂಟ್ರಿ ಆಪರೇಟರ್ ನೋಡಿ. ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಪುಟಕ್ಕಿಷ್ಟು ಅಂತ ದುಡಿಯೋ ಹೆಣ್ಣುಮಗಳನ್ನ ನೋಡಿ. ಕೋರ್ಟಿನ ಬೆರಳಚ್ಚುಗಾರರು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನವರು, ಹೊರಗುತ್ತಿಗೆಯಲ್ಲಿ ಕೂತು ಯಾರದೋ ಪಹಣಿ, ಯಾರದೋ ರೇಷನ್ ಕಾರ್ಡು ತಿದ್ದೋ ಹುಡುಗರು. ಇವರಲ್ಲಿ ನಮ್ಮ ಕೇರಿಗಳಿಂದ ಬಂದ ಮಕ್ಕಳು ಎಷ್ಟಿದ್ದಾರೆ ಅಂತ ನಿಮ್ಮೂರಿನ ಕಚೇರಿಗೆ ಹೋಗಿ ನೀವೇ ಎಣಿಸಿ. ಮನೆಗೆ ಮೊದಲ ಡಿಗ್ರಿ, ಜೊತೆಗೊಂದು ಕಂಪ್ಯೂಟರ್ ಸರ್ಟಿಫಿಕೇಟು, ಅಲ್ಲಿಂದ ಸೀದಾ ಕೀಬೋರ್ಡಿನ ಮುಂದೆ.

ನಮ್ಮ ಅಜ್ಜಂದಿರು ಹೆಬ್ಬೆಟ್ಟು ಒತ್ತಿ ಭೂಮಿ ಕಳ್ಕೊಂಡರು. ಸರ್ಕಾರ ಮಂಜೂರು ಮಾಡಿದ್ದ ಆ ಭೂಮಿ ವಾಪಸ್ ಬರಲಿ ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಇವತ್ತು ಅದೇ ಕಾಯ್ದೆ ಅಡಿಯಲ್ಲಿ ಉಪವಿಭಾಗಾಧಿಕಾರಿಗೆ ಹೋಗೋ ಅರ್ಜಿಯನ್ನ ಅವರ ಮೊಮ್ಮಕ್ಕಳು ಹತ್ತು ಬೆರಳಲ್ಲಿ ಟೈಪ್ ಮಾಡ್ತಿದ್ದಾರೆ. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಆ ಹತ್ತು ಬೆರಳು ಸಂಜೆ ಹೊತ್ತಿಗೆ ಏನಾಗಿರ್ತಾವೆ ಅಂತ ಯಾರೂ ಕೇಳಲ್ಲ.

ಬಾಬಾಸಾಹೇಬರ ಕೈಯಲ್ಲಿ ಪುಸ್ತಕ, ಜೇಬಲ್ಲಿ ಪೆನ್ನು. ಈ ಚಿತ್ರ ನಮಗೆಲ್ಲ ಗೊತ್ತು. ಆ ಪೆನ್ನು ಬರೆದದ್ದನ್ನ ಟೈಪ್ ಮಾಡಿದ ಕೈ ಗೊತ್ತಾ? ನಾನಕ್ ಚಂದ್ ರತ್ತು. ಪಂಜಾಬಿನ ಒಬ್ಬ ದಲಿತ ಯುವಕ. ದೆಹಲಿಯಲ್ಲಿ ಹಗಲು ಸರ್ಕಾರಿ ನೌಕರಿ, ಅದು ಮುಗಿದ ಮೇಲೆ ಬಾಬಾಸಾಹೇಬರ ಮನೆಯಲ್ಲಿ ಟೈಪಿಂಗ್. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ಹಸ್ತಪ್ರತಿ ಟೈಪ್ ಆಗಿದ್ದು ಆ ಕೈಗಳಿಂದ. ಬಾಬಾಸಾಹೇಬರು ತೀರಿಕೊಂಡ ಮರುವರ್ಷ, 1957ರಲ್ಲಿ, ಆ ಪುಸ್ತಕ ಹೊರಗೆ ಬಂತು. ವಿಚಾರದ ಚರಿತ್ರೆ ಬರೆಯೋವಾಗ ಟೈಪ್ ಮಾಡಿದವರ ಬೆನ್ನು, ಬೆರಳು ಲೆಕ್ಕಕ್ಕೆ ಬರಲ್ಲ. ನಾವಾದರೂ ಲೆಕ್ಕಕ್ಕೆ ತಗೋಬೇಕು.

ಈಗ ಕೀಬೋರ್ಡಿಗೆ ಬರ್ತೀನಿ.

ನಿಮ್ಮ ಮುಂದಿರೋ ಕೀಬೋರ್ಡಿನ ಸಾಲುಗಳು ಯಾಕೆ ಒಂದರ ಕೆಳಗೊಂದು ನೇರವಾಗಿಲ್ಲ, ಓರೆಯಾಗಿವೆ? 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರಿದ ಟೈಪ್‌ರೈಟರಿನ ಕಾಲದ ಉಳಿಕೆ ಅದು. ಪ್ರತಿ ಕೀಲಿಗೂ ಒಂದು ಲೋಹದ ಸನ್ನೆ, ಆ ಸನ್ನೆಗಳು ಒಂದಕ್ಕೊಂದು ತಾಗದೆ ಓಡಾಡೋಕೆ ಜಾಗ ಬೇಕಿತ್ತು, ಅದಕ್ಕೆ ಓರೆ. ಸನ್ನೆಗಳು ಹೋಗಿ ಎಷ್ಟೋ ಕಾಲ ಆಯ್ತು, ಓರೆ ಮಾತ್ರ ಹಾಗೇ ಉಳೀತು. ಯಂತ್ರದ ಅನುಕೂಲಕ್ಕೆ ಮನುಷ್ಯನ ಕೈ ಬಗ್ಗಬೇಕು ಅನ್ನೋ ಶಾಸ್ತ್ರ ಅದು. ಕಾರಣ ಸತ್ತ ಮೇಲೂ ಸಂಪ್ರದಾಯ ಬದುಕಿರೋದು ನಮಗೇನು ಹೊಸದಾ?

ಅದರ ಮೇಲೆ ಎರಡೂ ಕೈ ಇಟ್ಟು ನೋಡಿ. ಭುಜದ ಅಗಲದಿಂದ ಬರೋ ಕೈಗಳು ಮಧ್ಯದ ಚಿಕ್ಕ ಜಾಗಕ್ಕೆ ಸೇರಬೇಕು, ಹಾಗಾಗಿ ಮಣಿಕಟ್ಟು ಹೊರಕ್ಕೆ ತಿರುಗುತ್ತೆ. ಅಂಗೈ ಪೂರ್ತಿ ನೆಲಕ್ಕೆ ಮುಖ ಮಾಡೋದರಿಂದ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳ್ತಾವೆ. ಹತ್ತು ನಿಮಿಷಕ್ಕೆ ಏನೂ ಅನ್ನಿಸಲ್ಲ. ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ಮಾಡಿದವರನ್ನ ಕೇಳಿ: ಜೋಮು, ಸೆಳೆತ, ರಾತ್ರಿ ನಿದ್ದೆಯಲ್ಲಿ ಕೈ ಕೊಡವಿಕೊಂಡು ಏಳೋದು.

ಇನ್ನು ಬೆರಳುಗಳ ಕೆಲಸ ಹಂಚಿಕೆ. ಇದನ್ನ ನೋಡಿದಾಗೆಲ್ಲ ನನಗೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್, ಟ್ಯಾಬ್, ಕಂಟ್ರೋಲ್, ಭಾರದ ಕೆಲಸವೆಲ್ಲ ಕಿರುಬೆರಳಿಗೆ. ಎಲ್ಲಕ್ಕಿಂತ ಗಟ್ಟಿ ಇರೋ ಎರಡು ಹೆಬ್ಬೆರಳಿಗೆ ಸೇರಿ ಒಂದೇ ಒಂದು ಸ್ಪೇಸ್ ಬಾರ್. ಬಾಬಾಸಾಹೇಬರು ಜಾತಿಯನ್ನ ಬರೀ ಕೆಲಸದ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ ಅಂತ ಗುರುತಿಸಿದ್ದರು. ಕೀಬೋರ್ಡಿನ ಮೇಲೂ ಯಾರ ಶಕ್ತಿ ಎಷ್ಟು ಅಂತ ನೋಡಿ ಕೆಲಸ ಹಂಚಿಲ್ಲ. ಮೊದಲಿಂದ ಹಾಗೇ ಇದೆ, ಅದಕ್ಕೇ ಹಾಗೇ.

ಕನ್ನಡ ಟೈಪ್ ಮಾಡೋರಿಗೆ ಈ ಹೊರೆ ಇನ್ನೂ ಜಾಸ್ತಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರೋದು ಕೆ.ಪಿ. ರಾವ್ ಅವರ ವಿನ್ಯಾಸ, 'ನುಡಿ'ಯಲ್ಲಿ ಇರೋದು ಅದೇ. ಬುದ್ಧಿವಂತ ವಿನ್ಯಾಸ, ಕಲಿಯೋಕೂ ಸುಲಭ. ಅದರಿಂದಲೇ ಸಾವಿರಾರು ಜನ ಕನ್ನಡ ಟೈಪಿಂಗ್ ಕಲಿತರು. ಆದರೆ ಇಂಗ್ಲಿಷಿನ 26 ಕೀಲಿಗಳಲ್ಲಿ ನಮ್ಮ ಅಕ್ಷರಗಳನ್ನ ಹಿಡಿಸೋಕೆ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಸೊನ್ನೆಗೂ ಶಿಫ್ಟ್ ಬೇಕು. 'ದಲಿತ' ಅಂತ ಟೈಪ್ ಮಾಡಿ: ನಾಲ್ಕು ಕೀಲಿ, ಶಿಫ್ಟ್ ಒಂದೂ ಇಲ್ಲ. 'ಸಂವಿಧಾನ' ಅಂತ ಟೈಪ್ ಮಾಡಿ: ಏಳು ಕೀಲಿ, ಅದರಲ್ಲಿ ಸೊನ್ನೆಗೆ, 'ಧ'ಕ್ಕೆ, ಅದರ ದೀರ್ಘಕ್ಕೆ ಅಂತ ಮೂರು ಸಲ ಶಿಫ್ಟ್. 'ಭೂಮಿ'ಗೆ ಎರಡು. 'ಶಾಲೆ'ಗೆ ಎರಡು. ಇಂಗ್ಲಿಷಿನವರಿಗೆ ವಾಕ್ಯದ ಶುರುವಿಗೊಂದು, ಹೆಸರಿಗೊಂದು ಶಿಫ್ಟ್ ಸಾಕು. ನಮಗೆ ಪದಪದಕ್ಕೂ ಬೇಕು. ಆ ಅಷ್ಟೂ ಶಿಫ್ಟ್ ಒತ್ತೋದು ಕಿರುಬೆರಳು.

ಹಾಗಂತ ವಿನ್ಯಾಸ ಬದಲಾಯಿಸಿ ಅಂತ ನಾನು ಹೇಳ್ತಿಲ್ಲ. ಶಿಫ್ಟನ್ನ ಹೆಬ್ಬೆರಳಿಗೆ ಕೊಡಿ ಅಂತಿದ್ದೀನಿ. ಕೀಲಿಯ ಜಾಗ ಬದಲಾದ್ರೆ ಸಾಕು. ಗುರುದಕ್ಷಿಣೆ ಅಂತ ಏಕಲವ್ಯನಿಂದ ಕಿತ್ಕೊಂಡಿದ್ದು ಯಾವ ಬೆರಳು ನೆನಪಿದೆಯಲ್ಲ? ಬೆಲೆ ಗೊತ್ತಿದ್ದವರೇ ಕೇಳಿದ್ದು.

"ಇಂಥ ಕೀಬೋರ್ಡ್ ಈಗಾಗಲೇ ಇವೆಯಲ್ಲ" ಅಂತ ತಂತ್ರಜ್ಞಾನ ಬಲ್ಲ ಗೆಳೆಯರು ಹೇಳ್ತಾರೆ. ಇವೆ. ಅಮೆರಿಕದ ಕಿನೆಸಿಸ್ ಕಂಪನಿ ದಶಕಗಳಿಂದ ಮಾಡ್ತಿದೆ, ಹೆಬ್ಬೆರಳಿಗೆ ಒಂದು ಗುಂಪು ಕೀಲಿಗಳೇ ಇವೆ. ಝಡ್‌ಎಸ್‌ಎ ಅನ್ನೋ ಕಂಪನಿಯ ಮೂನ್‌ಲ್ಯಾಂಡರ್ ಇದೆ, ಎರಡು ಹೋಳು, ಬೇಕಾದಷ್ಟು ದೂರ ಇಟ್ಕೋಬಹುದು. ಬೆಲೆ? ಸುಂಕ ಬಿಟ್ಟು 30 ಸಾವಿರ ರೂಪಾಯಿ ಆಸುಪಾಸು. ಒಬ್ಬ ಹೊರಗುತ್ತಿಗೆ ಆಪರೇಟರಿನ ತಿಂಗಳ ಸಂಬಳ ಎಷ್ಟು ಅಂತ ನಾನು ನಿಮಗೆ ಬೇರೆ ಹೇಳಬೇಕಾ?

ದೊಡ್ಡ ಕಂಪನಿಗಳ ಕಥೆ ಕೇಳಿ. ಮೈಕ್ರೋಸಾಫ್ಟ್ 1994ರಲ್ಲೇ 'ನ್ಯಾಚುರಲ್ ಕೀಬೋರ್ಡ್' ತಂತು. ಮಧ್ಯೆ ಸೀಳಿ, ಎರಡೂ ಕಡೆಗೆ ಇಳಿಜಾರು ಮಾಡಿದ್ದು. 2013ರಲ್ಲಿ 'ಸ್ಕಲ್ಪ್ಟ್' ಬಂತು. 2023ರಲ್ಲಿ ತನ್ನ ಹೆಸರಿನ ಕೀಬೋರ್ಡ್ ಮಾಡೋದನ್ನೇ ನಿಲ್ಲಿಸ್ತೀವಿ ಅಂತು. ಮರುವರ್ಷ ಇನ್‌ಕೇಸ್ ಅನ್ನೋ ಇನ್ನೊಂದು ಕಂಪನಿ ಆ ವಿನ್ಯಾಸಗಳನ್ನ ವಹಿಸಿಕೊಳ್ತು. ಆಕಾರ ಚೆನ್ನಾಗಿತ್ತು, ಆದರೆ ಒಳಗೆ ಮೆಕ್ಯಾನಿಕಲ್ ಸ್ವಿಚ್ ಇರಲಿಲ್ಲ. ಲಾಜಿಟೆಕ್ 2020ರಲ್ಲಿ 'ಎರ್ಗೋ ಕೆ860' ತಂತು, ಕೈಗೆ ಒಗ್ಗೋ ಆಕಾರ, ಮೆಕ್ಯಾನಿಕಲ್ ಅಲ್ಲ. ಅದೇ ಕಂಪನಿ 2022ರಲ್ಲಿ 'ಎಂಎಕ್ಸ್ ಮೆಕ್ಯಾನಿಕಲ್' ತಂತು, ಸ್ವಿಚ್ ಚೆನ್ನಾಗಿದೆ, ಆಕಾರ ಅದೇ ಹಳೇ ಹಲಗೆ. ಒಂದೇ ಮನೆಯಲ್ಲಿ ಆಕಾರ ಒಂದು ಕೋಣೆಯಲ್ಲಿ, ಸ್ವಿಚ್ ಇನ್ನೊಂದು ಕೋಣೆಯಲ್ಲಿ. ಮಧ್ಯದ ಬಾಗಿಲು ತೆಗೆಯೋಕೆ ಏನು ಕಷ್ಟ?

ಮೆಕ್ಯಾನಿಕಲ್ಲೇ ಯಾಕೆ ಬೇಕು ಅಂತ ಕೇಳಬಹುದು. ಕಚೇರಿಗಳಲ್ಲಿ ಕಂಪ್ಯೂಟರ್ ಜೊತೆ ಬರೋ ಅಗ್ಗದ ಕೀಬೋರ್ಡಿನಲ್ಲಿ ರಬ್ಬರಿನ ಗುಬುಟುಗಳಿರ್ತಾವೆ. ಅಕ್ಷರ ಮೂಡಬೇಕಾದ್ರೆ ಹೆಚ್ಚುಕಡಿಮೆ ತಳ ಮುಟ್ಟೋವರೆಗೆ ಒತ್ತಬೇಕು. ಹಳೇದಾದಷ್ಟೂ ಜೋರಾಗಿ ಕುಟ್ಟಬೇಕು. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಲಿಗೂ ಬೇರೆ ಸ್ಪ್ರಿಂಗು, ಬೇರೆ ಸ್ವಿಚ್ಚು. ಸಾಮಾನ್ಯವಾಗಿ 4 ಮಿಲಿಮೀಟರ್ ಇಳಿಯೋ ಕೀಲಿ 2 ಮಿಲಿಮೀಟರಿನಲ್ಲೇ ಅಕ್ಷರ ಕೊಡುತ್ತೆ. ತಳಕ್ಕೆ ಕುಟ್ಟೋ ಅಗತ್ಯ ಇಲ್ಲ. ಸದ್ದು ಮಾಡದ ಸ್ವಿಚ್ಚುಗಳೂ ಇವೆ, ಪಕ್ಕದ ಮೇಜಿನವರು ಬೈಯಲ್ಲ.

ಇನ್ನೊಂದು ಮುಖ್ಯ ಕಾರಣ ರಿಪೇರಿ. ರಬ್ಬರ್ ಕೀಬೋರ್ಡಿನಲ್ಲಿ ಒಂದು ಕೀಲಿ ಹೋದ್ರೆ ಪೂರ್ತಿ ಎಸೀತಾರೆ. ಎಸೆದದ್ದು ಎಲ್ಲಿಗೆ ಹೋಗುತ್ತೆ? ಗುಜರಿಗೆ. ದೆಹಲಿಯ ಸೀಲಂಪುರದಂಥ ಜಾಗಗಳಲ್ಲಿ ಬರಿಗೈಯಲ್ಲಿ ಎಲೆಕ್ಟ್ರಾನಿಕ್ ಕಸ ಒಡೆದು, ಸುಟ್ಟು, ಆ ಹೊಗೆ ಕುಡಿಯೋರು ಬಡ ಮುಸ್ಲಿಮರು, ದಲಿತರು. ಟೈಪ್ ಮಾಡೋ ಕೈಯೂ ನಮ್ಮದೇ, ಒಡೆಯೋ ಕೈಯೂ ನಮ್ಮದೇ. ಸ್ವಿಚ್ಚನ್ನ ಕಿತ್ತು ಹಾಕೋ ಥರದ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಕೆಟ್ಟ ಸ್ವಿಚ್ಚೊಂದನ್ನ ತೆಗೆದು ಹೊಸದು ಹಾಕಿದ್ರೆ ಮುಗೀತು. ಬೆಸುಗೆ ಕೂಡ ಬೇಡ.

ಸರಿ, ನನ್ನ ಕಲ್ಪನೆಯ ಕೀಬೋರ್ಡ್ ಹೀಗಿರುತ್ತೆ. ಎರಡು ಹೋಳು, ಮಧ್ಯೆ ಒಂದು ವೈರು. ಎರಡಕ್ಕೂ ಒಳಬದಿಯಲ್ಲಿ ಮಡಚೋ ಕಾಲು, ಗುಡಾರದ ಹಾಗೆ ಮಧ್ಯಕ್ಕೆ ಎತ್ತರ ಮಾಡ್ಕೋಬಹುದು. ಹೆಬ್ಬೆರಳ ಜಾಗದಲ್ಲಿ ಆ ಕಡೆ ಮೂರು, ಈ ಕಡೆ ಮೂರು ಕೀಲಿ: ಸ್ಪೇಸ್, ಶಿಫ್ಟ್, ಬ್ಯಾಕ್‌ಸ್ಪೇಸ್, ಎಂಟರ್, ಕನ್ನಡ–ಇಂಗ್ಲಿಷ್ ಬದಲಾಯಿಸೋಕೆ ಒಂದು, ಇನ್ನೊಂದು ನಮ್ಮಿಷ್ಟ. ಕೀಲಿಗಳ ಮೇಲೆ ಉಜ್ಜಿದರೂ ಹೋಗದ ಕನ್ನಡ ಅಕ್ಷರ. ಬಿಡಿ ಸ್ವಿಚ್ಚುಗಳು ಹುಬ್ಬಳ್ಳಿಯಲ್ಲೂ ಸಿಗಬೇಕು, ಕಲಬುರಗಿಯಲ್ಲೂ ಸಿಗಬೇಕು.

ಓರೆ ಸಾಲುಗಳು? ಅವು ಹಾಗೇ ಇರಲಿ. ಮೇಲೆ ಬೈದಿದ್ದು ನಾನೇ, ಆದರೂ ಇರಲಿ ಅಂತೀನಿ. ದುಬಾರಿ ಕೀಬೋರ್ಡುಗಳಲ್ಲಿ ಸಾಲುಗಳನ್ನ ನೇರ ಮಾಡಿರ್ತಾರೆ. ಕೈಗೆ ಒಳ್ಳೇದೇ, ಆದರೆ ಅದಕ್ಕೆ ಒಗ್ಗೋಕೆ ವಾರಗಟ್ಟಲೆ ಬೇಕು. ಪುಟಕ್ಕಿಷ್ಟು ಅಂತ ದುಡಿಯೋಳು ಮೂರು ವಾರ ನಿಧಾನವಾದ್ರೆ ಆ ತಿಂಗಳು ಅವಳ ಮನೆ ನಡೆಯಲ್ಲ. ಕಲಿತ ಕೈ ಕಲಿತ ಹಾಗೇ ಓಡಬೇಕು, ನೋವು ಮಾತ್ರ ಕಮ್ಮಿ ಆಗಬೇಕು. ಹವ್ಯಾಸಿಗಳಿಗೆ ಮಾಡೋ ಕಂಪನಿಗೂ ದುಡಿಯೋರಿಗೆ ಮಾಡೋ ಕಂಪನಿಗೂ ಇರೋ ವ್ಯತ್ಯಾಸ ಇದೇ. ನಮ್ಮ ಎಂಜಿನಿಯರಿಂಗ್ ಹುಡುಗರು ಕ್ಯೂಎಂಕೆಯಂಥ ಮುಕ್ತ ತಂತ್ರಾಂಶ ಹಾಕಿ ಬೆಸುಗೆ ಹಿಡಿದು ಒಂದೆರಡು ಮಾಡಬಹುದು, ಮಾಡಲಿ. ಆದರೆ ಲಕ್ಷಗಟ್ಟಲೆ ಮಾಡಿ ಬೆಲೆ ಇಳಿಸೋದು, ವಾರಂಟಿ ಕೊಡೋದು, ತಾಲ್ಲೂಕಿನವರೆಗೆ ತಲುಪಿಸೋದು ದೊಡ್ಡ ಕಂಪನಿಗೇ ಸಾಧ್ಯ.

ಈಗ ಗಟ್ಟಿ ಆಕ್ಷೇಪ: "ಮ್ಯಾನ್‌ಹೋಲಿನಲ್ಲಿ ನಮ್ಮವರು ಸಾಯ್ತಿದ್ದಾರೆ, ನಿನಗೆ ಮಣಿಕಟ್ಟಿನ ಚಿಂತೆಯಾ?" ಸಾವಿಗೂ ನೋವಿಗೂ ನಾನು ಹೋಲಿಕೆ ಮಾಡ್ತಿಲ್ಲ. ಎರಡರ ಬೇರು ಒಂದೇ ಅಂತಿದ್ದೀನಿ: ದುಡಿಯೋನ ಮೈಗೆ ತಕ್ಕ ಸಲಕರಣೆ ಕೊಡೋದು ಖರ್ಚು, ಆ ಮೈ ಹಾಳಾದ್ರೆ ಅದು ಅವನ ಹಣೆಬರಹ. ಪೌರಕಾರ್ಮಿಕ ಹೆಣ್ಣುಮಕ್ಕಳ ಕೈಗೆ ಮೋಟು ಪೊರಕೆ ಕೊಟ್ಟು ಸೊಂಟ ಬಗ್ಗಿಸಿ ಗುಡಿಸೋಕೆ ಬಿಟ್ಟಿದ್ದು ಇದೇ ಲೆಕ್ಕಾಚಾರ.

ಇದರ ವಿರುದ್ಧ ಹೋರಾಡಿ ಗೆದ್ದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಮೆಕ್ಸಿಕನ್ ಮೂಲದ ಕೂಲಿಗಳ ಕೈಗೆ ಗಿಡ್ಡ ಹಿಡಿಯ ಗುದ್ದಲಿ ಕೊಡ್ತಿದ್ದರು. ಅವರು ಅದನ್ನ 'ಎಲ್ ಕೊರ್ತಿತೋ', ಅಂದ್ರೆ ಗಿಡ್ಡದು, ಅಂತ ಕರೀತಿದ್ದರು. ದಿನವಿಡೀ ಬಗ್ಗಿ ಬಗ್ಗಿ ಬೆನ್ನುಮೂಳೆ ಹಾಳಾಗ್ತಿತ್ತು. ಗಿಡ್ಡ ಹಿಡಿ ಇದ್ರೇನೇ ಕೆಲಸ ಅಚ್ಚುಕಟ್ಟು ಅಂತ ಮಾಲೀಕರ ವಾದ. ಕಾರ್ಮಿಕರು ಕೋರ್ಟಿಗೆ ಹೋದರು, 1975ರಲ್ಲಿ ಆ ಗುದ್ದಲಿ ನಿಷೇಧವಾಯ್ತು. ಉದ್ದ ಹಿಡಿ ಬಂತು, ಬೆಳೆಯೇನೂ ನಿಲ್ಲಲಿಲ್ಲ. ಹಿಡಿಯ ಉದ್ದವೂ ರಾಜಕೀಯವೇ.

ಕೀಬೋರ್ಡ್ ಬದಲಾದ್ರೆ ಎಲ್ಲ ನೋವೂ ಮಾಯ ಅಂತ ಸುಳ್ಳು ಹೇಳಲ್ಲ. ಮೇಜಿನ ಎತ್ತರ, ಮುರಿದ ಕುರ್ಚಿ, ಬಿಡುವೇ ಇಲ್ಲದ ಟಾರ್ಗೆಟ್ಟು, ಇವೆಲ್ಲ ಸೇರಿಯೇ ಕೈ ಹಾಳಾಗೋದು. ಗಂಟೆಗೊಂದು ಸಲ ಎದ್ದು ಓಡಾಡೋ ಹಕ್ಕು ಯಾವ ಕೀಬೋರ್ಡಿಗಿಂತಲೂ ದೊಡ್ಡದು. ಆದರೆ ಸಲಕರಣೆಯಿಂದ ಮಾತು ಶುರುವಾದ್ರೆ ಕುರ್ಚಿ, ಬಿಡುವು, ಸಂಬಳ ಎಲ್ಲ ಹಿಂದೆಯೇ ಬರ್ತಾವೆ.

ಹಾಗಾಗಿ ಮೂರು ಮಾತು.

ಒಂದು, ಕಂಪನಿಗಳಿಗೆ: ಆಕಾರವೂ ನಿಮ್ಮ ಹತ್ರ ಇದೆ, ಸ್ವಿಚ್ಚೂ ಇದೆ. ಸೇರಿಸಿ, ನಾಲ್ಕೈದು ಸಾವಿರದೊಳಗೆ ಮಾರಿ.

ಎರಡು, ಸರ್ಕಾರಕ್ಕೆ: ನೀವು ಸಾವಿರಗಟ್ಟಲೆ ಕಂಪ್ಯೂಟರ್ ಕೊಳ್ತೀರಿ, ಟೆಂಡರಿನಲ್ಲಿ ಪ್ರೊಸೆಸರ್, ಮೆಮೊರಿ ಎಲ್ಲ ಬರೀತೀರಿ. ಕೀಬೋರ್ಡಿಗೂ ನಾಲ್ಕು ಸಾಲು ಬರೀರಿ. ನೀವು ಬರೆದ ದಿನ ಕಂಪನಿಗಳು ಮಾಡ್ತಾವೆ.

ಮೂರು, ನಮ್ಮ ಸಂಘಟನೆಗಳಿಗೆ: ಆಪರೇಟರುಗಳ ಬೇಡಿಕೆ ಪಟ್ಟಿಯಲ್ಲಿ ಸೇವಾ ಭದ್ರತೆ, ಕನಿಷ್ಠ ವೇತನದ ಜೊತೆ ಕೈ, ಕಣ್ಣು, ಬೆನ್ನಿನ ಆರೋಗ್ಯವನ್ನೂ ಸೇರಿಸಿ. ನಿಮ್ಮ ಕಚೇರಿಯ ಕರಪತ್ರ, ಮನವಿ, ದೂರು ಎಲ್ಲ ಟೈಪ್ ಮಾಡೋ ಆ ಒಬ್ಬರನ್ನ ಇವತ್ತು ಕೇಳಿ: "ಕೈ ಹೇಗಿದೆ?"

ಟೈಪ್ ಮಾಡಿ ಬದುಕೋರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮ್ಮ ಅನುಭವ ಕೆಳಗೆ ಬರೀರಿ. ಉದ್ದ ಬೇಡ, ಎರಡು ಸಾಲು ಸಾಕು. ಕೈಗೆ ಬಿಡುವು ಕೊಡಿ.

ಜೈ ಭೀಮ್.