ಹಣ ಪಡೆಯಲು ಪಿನ್ ಬೇಕಿಲ್ಲ

ನಮ್ಮ ಪರಿಚಯದ ಸಹೋದರಿಯೊಬ್ಬರು ಮನೆಯಲ್ಲಿದ್ದ ಹೊಲಿಗೆ ಯಂತ್ರವನ್ನು ಮಾರಲು ಬಯಸಿದರು. ಹಳೆಯ ವಸ್ತುಗಳ ಜಾಲತಾಣವೊಂದರಲ್ಲಿ ಅದರ ಚಿತ್ರ ಹಾಕಿ, ಎಂಟು ಸಾವಿರ ರೂಪಾಯಿಯೆಂದು ಬೆಲೆ ನಮೂದಿಸಿದ ಅರ್ಧ ಗಂಟೆಯೊಳಗೆ ಕರೆ ಬಂತು. ಕರೆ ಮಾಡಿದಾತ ತಾನು ಸೈನಿಕನೆಂದ. ಸಮವಸ್ತ್ರದಲ್ಲಿರುವ ಗುರುತು ಚೀಟಿಯ ಚಿತ್ರವನ್ನೂ ಕಳುಹಿಸಿದ. ಒಂದು ರೂಪಾಯಿಯೂ ಚೌಕಾಶಿ ಮಾಡಲಿಲ್ಲ, ಯಂತ್ರವನ್ನು ನೋಡಬೇಕೆಂದು ಕೇಳಲೂ ಇಲ್ಲ. ನಮ್ಮ ಊರುಗಳ ಸಂತೆಯಲ್ಲಿ ಹೀಗೆ ವ್ಯಾಪಾರ ಮಾಡುವವನನ್ನು ಯಾರಾದರೂ ಕಂಡದ್ದುಂಟೇ?

ಖಾತೆ ಸರಿಯಿದೆಯೇ ನೋಡೋಣ, ಒಂದು ರೂಪಾಯಿ ಹಾಕಿ ಎಂದ. ಹಾಕಿದರು. ಮರುಕ್ಷಣವೇ ಎರಡು ರೂಪಾಯಿ ಬಂತು. ನಂಬಿಕೆ ಹುಟ್ಟಿದ್ದು ಆ ಎರಡು ರೂಪಾಯಿಯಿಂದ. ಬಳಿಕ ಬಂದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಎಂಟು ಸಾವಿರ ಖಾತೆಗೆ ಬೀಳುವುದೆಂದ. ಒತ್ತಿದರು. ಹಣ ಬರಲಿಲ್ಲ, ಇದ್ದದ್ದು ಹೋಯಿತು. ತಪ್ಪಾಗಿದೆ, ಮರಳಿಸುತ್ತೇನೆಂದು ಇನ್ನೊಂದು ಕೋಡ್ ಕಳುಹಿಸಿದ. ಹೀಗೆ ಹದಿನಾರು ಸಾವಿರ ರೂಪಾಯಿ ಕೈಬಿಟ್ಟಿತು.

ನಮ್ಮ ದೇಶದಲ್ಲಿ ಅಂತರ್ಜಾಲದ ವ್ಯಾಪಾರ ಜನರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಹರಾಜಿನ ಮೂಲಕ. 2000ದಲ್ಲಿ ಆರಂಭವಾದ ಬಾಝೀ ಡಾಟ್ ಕಾಮನ್ನು 2004ರಲ್ಲಿ ಅಮೆರಿಕದ ಇಬೇ ಸಂಸ್ಥೆ ಖರೀದಿಸಿತು. 2018ರ ಆಗಸ್ಟ್‌ನಲ್ಲಿ ಅದರ ಭಾರತೀಯ ತಾಣ ಮುಚ್ಚಿತು. ಅಲ್ಲಿಯೂ ಮೋಸವಿತ್ತು. ಬೆಲೆ ಏರಿಸುವುದಕ್ಕೆಂದೇ ಮಾರುವವನ ಗೆಳೆಯರು ಸುಳ್ಳು ಸವಾಲು ಕೂಗುತ್ತಿದ್ದರು. ಇದು ಇಸ್ಲಾಮೀ ಕರ್ಮಶಾಸ್ತ್ರವು ನಜಶ್ ಎಂದು ಹೆಸರಿಸಿ ನಿಷೇಧಿಸಿರುವ ಹಳೆಯ ಕುತಂತ್ರವೇ. ಆದರೆ ಇಬೇಯ ಪೈಸಾಪೇ ವ್ಯವಸ್ಥೆಯಲ್ಲಿ ಖರೀದಿದಾರನ ಹಣ ನೇರವಾಗಿ ಮಾರುವವನ ಕೈ ಸೇರುತ್ತಿರಲಿಲ್ಲ, ನಡುವೆ ತಡೆದಿರಿಸಲ್ಪಡುತ್ತಿತ್ತು. ಇಂದಿನ ಹಳೆ ವಸ್ತುಗಳ ತಾಣಗಳಲ್ಲಿ ಅಪರಿಚಿತರಿಬ್ಬರು ಫೋನಿನಲ್ಲೇ ವ್ಯವಹಾರ ಮುಗಿಸುತ್ತಾರೆ. ನಡುವೆ ಯಾರೂ ಇಲ್ಲ. ಹಿಂದೆ ಕೊಳ್ಳುವವನು ಹೆದರಬೇಕಿತ್ತು, ಈಗ ಮಾರುವವನೂ ಹೆದರಬೇಕಾಗಿದೆ.

2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಲ್ಲಿ ಪಿನ್ ಒತ್ತುವುದೆಂದರೆ ಚೆಕ್ಕಿಗೆ ಸಹಿ ಹಾಕಿದಂತೆ. ಪಿನ್ ಕೇಳುವುದು ಹಣ ಕೊಡುವವನಲ್ಲಿ, ಪಡೆಯುವವನಲ್ಲಲ್ಲ. ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಬೇಕಾದವನೂ ಕೊಡುವವನೇ. ವ್ಯಕ್ತಿಯೊಬ್ಬ ಇನ್ನೊಬ್ಬನಿಗೆ ಹಣದ ಕೋರಿಕೆ ಕಳುಹಿಸುವ ಸೌಲಭ್ಯವನ್ನು ವಂಚಕರು ಬಹಳವಾಗಿ ದುರುಪಯೋಗ ಮಾಡಿದ್ದರಿಂದ ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಕೋಡಿನ ಬಾಗಿಲು ತೆರೆದೇ ಇದೆ. ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹಾಕಿಬಿಟ್ಟೆ, ಉಳಿದದ್ದನ್ನು ಮರಳಿಸಿ ಎಂದು ಅಂಗಲಾಚಿ, ಬ್ಯಾಂಕಿನದೆಂಬಂತೆ ತೋರುವ ಸುಳ್ಳು ಸಂದೇಶ ಕಳುಹಿಸುವವರೂ ಇದ್ದಾರೆ. ಆಗ ನೋಡಬೇಕಾದದ್ದು ಸಂದೇಶವನ್ನಲ್ಲ, ಖಾತೆಯಲ್ಲಿರುವ ಮೊತ್ತವನ್ನು.

ಕೊಳ್ಳುವವರಿಗೂ ಇದೇ ಸೈನಿಕ ಎದುರಾಗುತ್ತಾನೆ. ಅಗ್ಗದ ಬೆಲೆಗೆ ಸ್ಕೂಟರ್, ವರ್ಗಾವಣೆಯ ಕಥೆ, ಸಾಗಾಟದ ಖರ್ಚೆಂದು ಮುಂಗಡ. ದೇಶ ಕಾಯುವವರ ಮೇಲಿನ ಗೌರವವನ್ನೇ ಬಂಡವಾಳ ಮಾಡಿಕೊಂಡ ಈ ದಂಧೆಗೆ ಕಣ್ಣಾರೆ ಕಾಣದ ವಸ್ತುವಿಗೆ ಬಿಡಿಗಾಸನ್ನೂ ಕೊಡದಿರುವುದೇ ಉತ್ತರ.

ನಮ್ಮನ್ನು ಹೆಚ್ಚು ನೋಯಿಸಿದ್ದು ಬೇರೆಯೇ ಸಂಗತಿ. ಆ ಸಹೋದರಿ ಮನೆಯಲ್ಲಿ ವಿಷಯ ತಿಳಿಸಿದ್ದು ಮೂರು ದಿನಗಳ ನಂತರ. ಗಂಡ ಗದರಿಸಿಯಾರು, ಅತ್ತೆ ಆಡಿಕೊಂಡಾರು ಎಂಬ ಭಯ. 1930 ಎಂಬ ಸಹಾಯವಾಣಿಗೆ ತಕ್ಷಣ ಕರೆ ಮಾಡಿದರೆ, ವಂಚಕ ಹಣವನ್ನು ಹೊರತೆಗೆಯುವ ಮುನ್ನ ಅದನ್ನು ಬ್ಯಾಂಕುಗಳಲ್ಲಿಯೇ ತಡೆಹಿಡಿಯುವ ಅವಕಾಶವಿರುತ್ತದೆ. ಆ ಅವಕಾಶಕ್ಕೆ ಗಂಟೆಗಳ ಆಯುಷ್ಯವಷ್ಟೇ. ಹದಿನಾರು ಸಾವಿರದಲ್ಲಿ ಒಂದು ಪಾಲಾದರೂ ಉಳಿಯಬಹುದಿತ್ತೇನೋ. ಅದನ್ನು ಕಸಿದುಕೊಂಡದ್ದು ವಂಚಕನೊಬ್ಬನೇ ಅಲ್ಲ, ಮನೆಯವರ ನಾಲಗೆಯ ಭಯವೂ ಹೌದು. ವಿದ್ಯಾವಂತರೂ ಇದೇ ಬಲೆಗೆ ಬಿದ್ದಿರುವಾಗ ಗೃಹಿಣಿಯೊಬ್ಬಳನ್ನು ದಡ್ಡಿಯೆಂದು ಹಂಗಿಸುವುದರಲ್ಲಿ ಯಾವ ನ್ಯಾಯವಿದೆ?

ಹೊಲಿಗೆ ಯಂತ್ರ ಕಳೆದ ತಿಂಗಳು ಮಾರಾಟವಾಯಿತು. ಕೊಂಡವರು ಎರಡು ಬೀದಿಯಾಚೆಯ ದರ್ಜಿ. ತುಳಿದು ನೋಡಿ, ಪಟ್ಟಿ ಸಡಿಲವಾಗಿದೆಯೆಂದು ಐನೂರು ರೂಪಾಯಿ ಕಡಿಮೆ ಮಾಡಿಸಿ, ನೋಟುಗಳನ್ನು ಎಣಿಸಿ ಕೊಟ್ಟರು.