ಹುಗ್ಗಿ ಒಲ್ಲದ ಕೂಸು

ಶ್ರಾವಣದ ಒಂದು ಸೋಮವಾರ ಪೂಜೆ ಮುಗಿಸಿ ಪಡಸಾಲೆಗೆ ಬಂದಿದ್ದೆನು. ಪರಿಚಿತ ಮನೆತನದ ತಾಯಿಯೊಬ್ಬಳು ಮೂರು ವರ್ಷದ ಮಗನನ್ನು ಹೆಗಲಿಗೊರಗಿಸಿಕೊಂಡು ಬಂದಳು, ಜೊತೆಗೆ ಅತ್ತೆ. ಕೂಸಿನ ಕೈಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಗಡಿಗೆಯಂತೆ.

"ಅಜ್ಜಾರ, ಒಂದ ವರ್ಷಾತ್ರಿ, ಜುಲಾಬು ನಿಂತಿಲ್ಲ. ದೃಷ್ಟಿ ಆಗೇತಿ, ಒಂದ ತಾಯಿತ ಕಟ್ರಿ" ಎಂದಳು ಅತ್ತೆ.

ಭಸ್ಮ ಹಚ್ಚಿದೆನು, ತಾಯಿತ ಕಟ್ಟಲಿಲ್ಲ. ಕೊರಳಲ್ಲಿ ಲಿಂಗವಿರುವ ಮನೆಯಲ್ಲಿ ತಾಯಿತಕ್ಕೇನು ಕೆಲಸ! ಜಂತುವಿನ ಔಷಧಿ, ಆಮಶಂಕೆಯ ಗುಳಿಗೆ ಎಲ್ಲವೂ ಆಗಿದ್ದವು. ಯಾವಾಗ ಶುರುವಾಯಿತೆಂದು ಕೇಳಿದಾಗ, ರಾಗಿ ಗಂಜಿ ಬಿಡಿಸಿ ರವೆ ಉಂಡೆ, ಬಿಸ್ಕತ್ತು, ಚಪಾತಿಗಳನ್ನು ರೂಢಿ ಮಾಡಿದ ಮೇಲೆ ಎಂದು ತಿಳಿಯಿತು.

ಹಿಂದೆ ಓದಿದ್ದ ವೃತ್ತಾಂತವೊಂದು ನೆನಪಾಯಿತು. ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. ಇಂಥದೇ ಹೊಟ್ಟೆಬೇನೆಯ ಮಕ್ಕಳಿಗೆ ಗೋಧಿಯೇ ಆಗದೆಂಬ ಶಂಕೆ ಅವರಿಗೆ 1930ರ ದಶಕದಲ್ಲಿಯೇ ಇತ್ತು. 1944-45ರ ಚಳಿಗಾಲದಲ್ಲಿ, ಜರ್ಮನರ ದಿಗ್ಬಂಧನದಿಂದ ರೊಟ್ಟಿ ಸಿಗದೆ ಜನ ಟುಲಿಪ್ ಗಡ್ಡೆ ತಿಂದು ಬದುಕಿದರು. ನಾಡೆಲ್ಲ ಹಸಿದಾಗ ಈ ಮಕ್ಕಳು ಚೇತರಿಸಿಕೊಂಡರು, ರೊಟ್ಟಿ ಬಂದೊಡನೆ ಮತ್ತೆ ಮಲಗಿದರು. 1950ರಲ್ಲಿ ಡಿಕೆಯವರು ತಮ್ಮ ಶೋಧವನ್ನು ಉಟ್ರೆಕ್ಟಿನಲ್ಲಿ ಮಹಾಪ್ರಬಂಧವಾಗಿ ಮಂಡಿಸಿದರು. ಇದೇ ಸೀಲಿಯಾಕ್ ಕಾಯಿಲೆ. ಗೋಧಿಯ ಗ್ಲುಟೆನ್ ಎಂಬ ಅಂಟು ಸತ್ವವು ಒಳಗೆ ಹೋದಾಗ ದೇಹದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಓದಿದ ಹುಮ್ಮಸ್ಸಿನಲ್ಲಿ "ಗೋಧಿ ಬಿಟ್ಟು ನೋಡಿರಿ" ಎಂದುಬಿಟ್ಟೆನು. ಎರಡು ತಿಂಗಳ ನಂತರ ಮಕ್ಕಳ ತಜ್ಞರು ಬೇಸರಪಟ್ಟರು. ಗೋಧಿ ಬಿಟ್ಟಾಗ ರಕ್ತಪರೀಕ್ಷೆಯಲ್ಲಿ ರೋಗ ಅಡಗಿಕೊಳ್ಳುತ್ತದೆ. ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಆದ್ದರಿಂದ, ಗುಣವಾಗುತ್ತಿದ್ದ ಕೂಸಿಗೆ ಕೆಲವು ವಾರ ಮತ್ತೆ ಚಪಾತಿ ತಿನ್ನಿಸಿ ನೋಯಿಸಬೇಕಾಯಿತು. ಆ ತಾಯಿ ಅತ್ತಳು, ನನ್ನಿಂದ ಉತ್ತರ ಹೊರಡಲಿಲ್ಲ. ರಕ್ತಪರೀಕ್ಷೆ, ಬಳಿಕ ದುರ್ಬೀನಿನಿಂದ ಕರುಳಿನ ಚೂರು ತೆಗೆದು ನೋಡಿದ ಪರೀಕ್ಷೆ, ಎರಡರಲ್ಲೂ ರೋಗ ನಿಶ್ಚಿತವಾಯಿತು.

ಎಲ್ಲ ಮಕ್ಕಳ ಹೊಟ್ಟೆಬೇನೆಯೂ ಇದಲ್ಲ. ಆದರೆ ಭೇದಿ ವಾರಗಟ್ಟಲೆ ನಿಲ್ಲದೆ ತೂಕ ಏರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಠಕ್ಕಿಂತ ಮೊದಲು ವೈದ್ಯರಲ್ಲಿಗೆ ಹೋಗಬೇಕು.

ಪಥ್ಯ ಆಜೀವ ಪರ್ಯಂತ. ನಮ್ಮ ಜೋಳ, ಅಕ್ಕಿ, ರಾಗಿ, ಸಜ್ಜೆ, ನವಣೆಗಳಲ್ಲಿ ಆ ಅಂಟು ಇಲ್ಲ. ರೊಟ್ಟಿಯ ಸೀಮೆಯಲ್ಲಿ ಹುಟ್ಟಿದ್ದೇ ಈ ಕೂಸಿನ ಭಾಗ್ಯ. ಗೋಧಿ, ಜವೆಗೋಧಿ, ಬಾರ್ಲಿ, ರವೆ, ಮೈದಾ, ಶಾವಿಗೆ ವರ್ಜ್ಯ. ಅಂಗಡಿಯ ಕೂಟಿದ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು, ಮಾಲ್ಟಿನ ಪೇಯಗಳಲ್ಲಿ ಬಾರ್ಲಿ.

ಅತ್ತೆಗೆ ಉಳಿದ ಸಂಕಟ ಬೇರೆ. "ಜಾತ್ರಿ ಹುಗ್ಗಿ ಪ್ರಸಾದ್ರಿ. ಒಂದ ಚಮಚಾದಾಗ ಏನ ಆಗತೈತಿ? ಒಲ್ಲೆ ಅನ್ನಬಾರದಲ್ರಿ?" ಮಠದ ದಾಸೋಹದಲ್ಲಿ ಗೋಧಿಹುಗ್ಗಿ ಉಣ್ಣುತ್ತಲೇ ಬೆಳೆದವನು ನಾನು. ಆದರೂ ಹೇಳಿದೆನು: "ತಾಯೀ, ಪ್ರಸಾದದ ಗೋಧಿಯೂ ಗೋಧಿಯೇ. ಕೂಸಿನ ಕರುಳು ಚಮಚದ ಲೆಕ್ಕ ಕೇಳುವುದಿಲ್ಲ. ಮನೆಯಲ್ಲಿ ನವಣಕ್ಕಿಗೆ ಬೆಲ್ಲ ಹಾಕಿ ಹುಗ್ಗಿ ಮಾಡಿ ಅರ್ಪಿಸಿರಿ, ಅದೇ ಅವನ ಪ್ರಸಾದ." ಆಕೆ ಬಹಳ ಹೊತ್ತು ಸುಮ್ಮನಿದ್ದಳು.

ಈಗ ಕೂಸಿನ ಹೊಟ್ಟೆ ಇಳಿದಿದೆ, ಕೆನ್ನೆ ತುಂಬಿವೆ. ಒಡಹುಟ್ಟಿದವರಲ್ಲಿಯೂ ಈ ರೋಗ ಇರಬಹುದಾದ್ದರಿಂದ ಅಕ್ಕನ ರಕ್ತಪರೀಕ್ಷೆಯೂ ಆಯಿತು. ಆಕೆಗೆ ಏನೂ ಇಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೂ ಕೇಡೆಂದು ತಿಳಿದಂದಿನಿಂದ ಅತ್ತೆ ಗಿರಣಿಯ ದಾರಿ ಬಿಟ್ಟಿದ್ದಾಳೆ. ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ, ತೊಳೆದು, ನಸುಕಿನಲ್ಲಿ ಮೊಮ್ಮಗನ ಪಾಲಿನ ಜೋಳವನ್ನು ತಾನೇ ಬೀಸುತ್ತಾಳೆ.